ಕ್ಯಾಂಕೂನ್‌ನಲ್ಲಿ ಮೆಕ್ಸಿಕನ್ ಊಟ: ಹೋಟೆಲಿನಲ್ಲೋ, ಊರೊಳಗೋ, ದೋಣಿಕಟ್ಟೆಯ ಬಳಿಯೋ?

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಚಳಿಗಾಲದ ರಜೆಗೆ ಮೆಕ್ಸಿಕೊದ ಕ್ಯಾಂಕೂನ್‌ಗೆ ಹೋಗಿ ಬರುವವರು ಬಹಳ ಮಂದಿ. ಹ್ಯೂಸ್ಟನ್, ಡಲ್ಲಾಸ್ ಕಡೆಯಿಂದ ವಿಮಾನದಲ್ಲಿ ಮೂರು ಗಂಟೆಯೊಳಗಿನ ದಾರಿ. ಅಮೆರಿಕದ ಚಾಲ್ತಿ ವೀಸಾ ಇರುವ ಭಾರತೀಯರಿಗೆ ಮೆಕ್ಸಿಕೊದ ಪ್ರತ್ಯೇಕ ವೀಸಾ ಬೇಕಿಲ್ಲವಾದ್ದರಿಂದ, ಊರಿನಿಂದ ಬಂದ ಅಪ್ಪ ಅಮ್ಮನನ್ನೂ ಜೊತೆಗೆ ಕರೆದೊಯ್ಯುವುದು ಸುಲಭ. ಹೊರಡುವ ಹೊತ್ತಿಗೆ ಯಾವ ಹೋಟೆಲು, ಮಾಯಾ ಜನರ ಪುರಾತನ ನಗರವಾದ ಚಿಚೆನ್ ಇಟ್ಸಾಗೆ ಯಾವ ದಿನ ಎಂಬುದೆಲ್ಲ ತೀರ್ಮಾನವಾಗಿರುತ್ತದೆ. ಆದರೆ ಮೆಕ್ಸಿಕನ್ ಊಟವನ್ನು ಎಲ್ಲಿ ಮಾಡುವುದು ಎಂಬ ಪ್ರಶ್ನೆ ಮಾತ್ರ ಕೊನೆಯವರೆಗೂ ಉಳಿದುಬಿಡುತ್ತದೆ. ಊಟ ತಿಂಡಿಯೆಲ್ಲ ಸೇರಿದ ಪ್ಯಾಕೇಜಿಗೆ ಹಣ ಕಟ್ಟಿಯಾಗಿರುವಾಗ ಹೊರಗೆ ಹೋಗಿ ಇನ್ನಷ್ಟು ಖರ್ಚು ಮಾಡಬೇಕೇ, ಬೀದಿಬದಿಯಲ್ಲಿ ತಿಂದರೆ ಹೊಟ್ಟೆ ಕೆಟ್ಟೀತೇ, ಸಸ್ಯಾಹಾರಿಗಳಿಗೆ ಏನಾದರೂ ಸಿಕ್ಕೀತೇ ಎಂಬ ಅನುಮಾನಗಳು ಒಂದರ ಹಿಂದೊಂದು ಬರುತ್ತವೆ. ಈ ಅನುಮಾನಗಳೆಲ್ಲ ನ್ಯಾಯವಾದವೇ. ಒಂದೊಂದನ್ನೂ ತೂಗಿ ನೋಡಿ ನಿಮಗೆ ಸರಿಹೊಂದುವ ಜಾಗವನ್ನು ಆರಿಸಿಕೊಳ್ಳಲು ಬೇಕಾದ ವಿವರಗಳನ್ನು ಇಲ್ಲಿ ಕೊಡುತ್ತಿದ್ದೇನೆ.

ಆಯ್ಕೆಗೆ ಮುನ್ನ ಈ ಊರು ಹುಟ್ಟಿದ ಬಗೆಯನ್ನು ಸ್ವಲ್ಪ ತಿಳಿದಿರಬೇಕು, ಏಕೆಂದರೆ ಊಟದ ವಿಚಾರವೆಲ್ಲ ಅದರ ಮೇಲೆಯೇ ನಿಂತಿದೆ. ಕ್ಯಾಂಕೂನ್ ಹಳೆಯ ಊರಲ್ಲ. ಮೆಕ್ಸಿಕೊದ ಕೇಂದ್ರ ಬ್ಯಾಂಕಿನ ಯೋಜನೆಯಂತೆ, ಪ್ರವಾಸೋದ್ಯಮಕ್ಕೆಂದೇ, 1970ರಲ್ಲಿ ಕಟ್ಟಲು ಆರಂಭಿಸಿದ ನಗರವಿದು. ಮೊದಲ ಹೋಟೆಲುಗಳು ತೆರೆದದ್ದು 1974ರ ಸುಮಾರಿಗೆ. ಕೆರಿಬಿಯನ್ ಕಡಲಿಗೂ ನಿಚುಪ್ತೆ ಎಂಬ ಹಿನ್ನೀರಿಗೂ ನಡುವೆ, 7ರ ಅಂಕಿಯ ಆಕಾರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರು ಚಾಚಿಕೊಂಡಿರುವ ಮರಳಿನ ಪಟ್ಟಿಯ ಮೇಲೆ ಹೋಟೆಲುಗಳನ್ನು ಕಟ್ಟಿದರು. ಅವುಗಳನ್ನು ಕಟ್ಟಲು, ನಡೆಸಲು ಬಂದ ಜನಕ್ಕಾಗಿ ಒಳನಾಡಿನ ಬದಿಯಲ್ಲಿ ಬೇರೆಯದೇ ಪೇಟೆಯನ್ನು ರೂಪಿಸಿದರು. ನೆರೆಯ ಯುಕತಾನ್ ರಾಜ್ಯದಿಂದ ಹೆಚ್ಚಾಗಿ, ತಬಾಸ್ಕೊ, ವೆರಾಕ್ರೂಸ್, ಚಿಯಾಪಾಸ್ ರಾಜ್ಯಗಳಿಂದ, ಮೆಕ್ಸಿಕೊ ನಗರದಿಂದ ಅಷ್ಟಿಷ್ಟು ಜನ ಬಂದು ನೆಲೆಸಿದರು. ತಮ್ಮ ತಮ್ಮ ಊರಿನ ಅಡುಗೆಯನ್ನೂ ತಂದರು. ಹೀಗಾಗಿ ಇಲ್ಲಿ ಎರಡು ಅಡುಗೆಮನೆಗಳಿವೆ: ಪ್ರವಾಸಿಗರಿಗಾಗಿ ಬೇಯಿಸುವುದು ಒಂದು, ಹೋಟೆಲಿನ ಪಾಳಿ ಮುಗಿಸಿ ಹಸಿದು ಬರುವವರಿಗಾಗಿ ಬೇಯಿಸುವುದು ಇನ್ನೊಂದು. ಎರಡೂ ಒಳ್ಳೆಯ ಊಟ ಕೊಡಬಲ್ಲವು, ಆದರೆ ಕೊಡುವ ಊಟ ಒಂದೇ ಅಲ್ಲ.

ಯಾವುದನ್ನು ನೋಡಿ ಆರಿಸಬೇಕು

ಮೊದಲ ಅಳತೆಗೋಲು ಯಾವ ಪ್ರಾಂತ್ಯದ ಅಡುಗೆ ಎಂಬುದು. ಅಮೆರಿಕದಲ್ಲಿ ನಾವು ಮೆಕ್ಸಿಕನ್ ಎಂದು ತಿನ್ನುವುದರಲ್ಲಿ ಹೆಚ್ಚಿನ ಪಾಲು ಟೆಕ್ಸಾಸ್ ಗಡಿಯ ಕಡೆಯದು: ಹಳದಿ ಚೀಸು, ಗರಿಗರಿಯಾದ ಟಾಕೊ ಚಿಪ್ಪು, ಟೋರ್ಟಿಯಾ ಎಂಬ ತೆಳು ರೊಟ್ಟಿಯನ್ನು ಗೋಧಿಯಲ್ಲಿ ಮಾಡಿ ಅದರಲ್ಲಿ ಸುತ್ತಿದ ದೊಡ್ಡ ಬುರಿಟೊ, ಜೀರಿಗೆಯ ಘಾಟು. ಕ್ಯಾಂಕೂನ್ ಇರುವುದು ಮಾಯಾ ಜನರ ಯುಕತಾನ್ ಪರ್ಯಾಯ ದ್ವೀಪದಲ್ಲಿ. ಇಲ್ಲಿನ ಅಡುಗೆಯ ಬುನಾದಿ ಸುಣ್ಣದ ನೀರಿನಲ್ಲಿ ಬೇಯಿಸಿ ಅರೆದ ಮೆಕ್ಕೆಜೋಳದ (ಮುಂದೆಯೂ ಜೋಳ ಎಂದರೆ ಇದೇ) ಟೋರ್ಟಿಯಾ, ಬ್ಲ್ಯಾಕ್ ಬೀನ್ಸ್ ಎಂಬ ಕಪ್ಪು ಹುರುಳಿ, ಹುಳಿ ಕಿತ್ತಳೆ, ಕುಂಬಳಬೀಜ, ಕೆಂಪು ಬಣ್ಣ ಕೊಡುವ ಅಚಿಯೋಟೆ ಬೀಜದ ಮಸಾಲೆ ಮತ್ತು ಹಬನೆರೊ ಮೆಣಸಿನಕಾಯಿ. ಕೊಚಿನೀತಾ ಪಿಬಿಲ್ ಎಂಬುದು ಈ ಅಡುಗೆಯ ಹೆಸರುವಾಸಿ ಪದಾರ್ಥ: ಹಂದಿಮಾಂಸಕ್ಕೆ ಅಚಿಯೋಟೆ ಮಸಾಲೆ, ಹುಳಿ ಕಿತ್ತಳೆಯ ರಸ ಹಚ್ಚಿ, ಬಾಳೆಲೆಯಲ್ಲಿ ಮುಚ್ಚಿ, ಸಂಪ್ರದಾಯದ ಪ್ರಕಾರ ನೆಲದಲ್ಲಿ ತೋಡಿದ ಕುಳಿಯ ಒಲೆಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಲಿಂಬೆಜಾತಿಯ ಹಣ್ಣಿನ ಪರಿಮಳದ ಸೋಪಾ ದೆ ಲೀಮಾ ಎಂಬ ಕೋಳಿ ಸಾರು, ಹುರುಳಿ ತುಂಬಿ ಕರಿದ ಪನೂಚೊ, ಸುಟ್ಟ ಮೆಣಸಿನಕಾಯಿಯ ಕಪ್ಪು ಮಸಾಲೆಯಲ್ಲಿ ಬೇಯಿಸಿದ ಟರ್ಕಿ ಕೋಳಿಯ ರೆಯೇನೊ ನೇಗ್ರೊ ಇವೆಲ್ಲ ಈ ನೆಲದವು. ಇವುಗಳನ್ನು ತಿನ್ನದೆ ಬಂದವರು ಟೆಕ್ಸಾಸ್‌ನಲ್ಲೇ ಸಿಗುತ್ತಿದ್ದುದನ್ನು ಇನ್ನಷ್ಟು ಹಣ ಕೊಟ್ಟು ತಿಂದು ಬಂದಂತಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯದು ಹೊತ್ತು. ಹೊರಗಿನವರು ಬಹಳ ಸಲ ಎಡವುವುದು ಇಲ್ಲಿಯೇ, ಏಕೆಂದರೆ ಮೆಕ್ಸಿಕೊದಲ್ಲಿ ಒಂದೊಂದು ಪದಾರ್ಥಕ್ಕೂ ಒಂದೊಂದು ಗಳಿಗೆಯಿದೆ. ಕೊಚಿನೀತಾ, ಕೊಬ್ಬಿನಲ್ಲಿ ಬೇಯಿಸಿದ ಹಂದಿಮಾಂಸದ ಕರ್ನೀತಾಸ್, ನಿಧಾನವಾಗಿ ಬೇಯಿಸಿದ ಮಾಂಸದ ಬಾರ್ಬಕೋವಾ ಮೂರೂ ಬೆಳಗಿನವು, ಅದರಲ್ಲೂ ಭಾನುವಾರ ಬೆಳಗಿನವು. ಒಳ್ಳೆಯ ಅಂಗಡಿಗಳಲ್ಲಿ ಮಧ್ಯಾಹ್ನದೊಳಗೆ ಪಾತ್ರೆ ಬರಿದಾಗಿರುತ್ತದೆ. ದಿನದ ಮುಖ್ಯ ಊಟ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ನಡೆಯುತ್ತದೆ. ಮೀನು ಸಿಗಡಿಗಳ ಅಂಗಡಿಗಳು ಹಗಲಿನವು, ಎಷ್ಟೋ ಕಡೆ ಸಂಜೆಯಾಗುತ್ತಲೇ ಬಾಗಿಲು ಹಾಕುತ್ತವೆ. ನಿಂತ ಕಡ್ಡಿಗೆ ಮಾಂಸದ ಪದರಗಳನ್ನು ಪೋಣಿಸಿ ಬೇಯಿಸುವ ಅಲ್ ಪಾಸ್ತೋರ್ ಟಾಕೊ ಕತ್ತಲಾದ ಮೇಲಿನದು. ರಾತ್ರಿ ಎಂಟಕ್ಕೆ ಕೊಚಿನೀತಾ ಹುಡುಕಿಕೊಂಡು ಹೋದರೂ, ಬೆಳಿಗ್ಗೆ ಹತ್ತಕ್ಕೆ ಅಲ್ ಪಾಸ್ತೋರ್ ಕೇಳಿದರೂ, ಸಿಕ್ಕಿದ್ದು ಚೆನ್ನಾಗಿರುವ ಸಂಭವ ಕಡಿಮೆ. ಅಂಗಡಿಗೆ ಎಷ್ಟು ನಕ್ಷತ್ರದ ಶ್ರೇಯಾಂಕವಿದೆ ಎಂದು ನೋಡುವುದಕ್ಕಿಂತ, ನೀವು ಯಾವ ಹೊತ್ತಿಗೆ ಹಸಿದಿದ್ದೀರಿ ಎಂದು ನೋಡಿಕೊಂಡು ಹೊರಡುವುದು ಮೇಲು.

ಮೂರನೆಯದು ಖರ್ಚು, ಓಡಾಟದ ಖರ್ಚನ್ನೂ ಸೇರಿಸಿ. ಹೋಟೆಲ್ ವಲಯದ ಉದ್ದಕ್ಕೂ ಕುಕುಲ್ಕಾನ್ ರಸ್ತೆಯಲ್ಲಿ ಆರ್-1, ಆರ್-2 ಬಸ್ಸುಗಳು ಓಡಾಡುತ್ತಿರುತ್ತವೆ; ಒಂದು ಅಮೆರಿಕನ್ ಡಾಲರಿನ ಆಸುಪಾಸಿನ ಹಣಕ್ಕೆ ಊರೊಳಗೆ ಇಳಿಸುತ್ತವೆ. ಟ್ಯಾಕ್ಸಿಗಳಿಗೆ ಮೀಟರ್ ಇಲ್ಲ, ಹೋಟೆಲ್ ವಲಯದಿಂದ ಹತ್ತಿದರೆ ದರ ಹೆಚ್ಚು. ಹತ್ತುವ ಮುನ್ನವೇ ಮಾತಾಡಿಕೊಳ್ಳಬೇಕು. ನಾಲ್ಕು ಜನರ ಕುಟುಂಬ ಊರೊಳಗೆ ತಿಂದು ಉಳಿಸಿದ ಹಣ ಟ್ಯಾಕ್ಸಿಗೇ ಹೋಗಿಬಿಡುವುದುಂಟು. ಆದ್ದರಿಂದ ಕಡಿಮೆ ಖರ್ಚಿನ ಊಟ ಬೇಕೆನ್ನುವವರಿಗೆ ಬಸ್ಸೇ ಸರಿ.

ನಾಲ್ಕನೆಯದು ಸಸ್ಯಾಹಾರ. ಇದರ ಬಗ್ಗೆ ಮುಂದೆ ಬಿಡಿಸಿ ಬರೆಯಬೇಕಾಗುತ್ತದೆ. ಐದನೆಯದು ಕೂರುವ ಅನುಕೂಲ: ಮಂಡಿನೋವಿನ ಹಿರಿಯರು, ಎಳೆಯ ಮಕ್ಕಳು ಜೊತೆಗಿದ್ದರೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ತಿನ್ನುವ ಜಾಗಗಳು ಪಟ್ಟಿಯಿಂದ ತಾವಾಗಿಯೇ ಬಿದ್ದುಹೋಗುತ್ತವೆ.

ಹೋಟೆಲಿನೊಳಗಿನ ಮೆಕ್ಸಿಕನ್ ರೆಸ್ಟೊರೆಂಟ್

ಎಲ್ಲವೂ ಸೇರಿದ ದೊಡ್ಡ ಹೋಟೆಲುಗಳಲ್ಲಿ ನಾಲ್ಕಾರು ಊಟದ ಮನೆಗಳಿದ್ದು, ಅವುಗಳಲ್ಲಿ ಒಂದು ಮೆಕ್ಸಿಕನ್ ಆಗಿರುವುದು ವಾಡಿಕೆ. ಇದರ ಅನುಕೂಲಗಳು ಎದ್ದುಕಾಣುವಂಥವು: ಹಣ ಮೊದಲೇ ಕಟ್ಟಿಯಾಗಿದೆ, ಮಗು ಅತ್ತರೆ ಕೋಣೆ ಹತ್ತಿರ, ಇಂಗ್ಲಿಷ್ ಬಲ್ಲವರು ಬಡಿಸುತ್ತಾರೆ, ಸಸ್ಯಾಹಾರ ಎಂದರೆ ಅರ್ಥವಾಗುತ್ತದೆ. ಈಚಿನ ವರ್ಷಗಳಲ್ಲಿ ಭಾರತೀಯ ಕುಟುಂಬಗಳ ಮದುವೆಗಳು ಇಲ್ಲಿ ಸಾಕಷ್ಟು ನಡೆಯುತ್ತಿರುವುದರಿಂದ ಕೆಲವು ಹೋಟೆಲುಗಳ ಅಡುಗೆಯವರಿಗೆ ನಮ್ಮ ಊಟದ ಕಟ್ಟುಪಾಡುಗಳೂ ಪರಿಚಿತ. ಹೊಟ್ಟೆಯ ವಿಚಾರದಲ್ಲಿ ಬಹಳ ಎಚ್ಚರ ಬೇಕಾದವರಿಗೆ, ಮೊದಲ ದಿನ ಪ್ರಯಾಣದ ದಣಿವಿರುವವರಿಗೆ ಇದನ್ನೇ ಹೇಳುತ್ತೇನೆ.

ಕೊರತೆ ರುಚಿಯಲ್ಲಿದೆ. ಹತ್ತು ದೇಶಗಳ ಅತಿಥಿಗಳಿಗೆ ಒಗ್ಗುವಂತೆ ಮಾಡುವಾಗ ಖಾರ ಇಳಿಯುತ್ತದೆ, ಹುಳಿ ತಗ್ಗುತ್ತದೆ, ಯುಕತಾನಿನ ಪದಾರ್ಥಗಳಿಗೆ ಒಂದೆರಡು ಸಾಲಿನ ಜಾಗ ಮಾತ್ರ ಸಿಗುತ್ತದೆ. ರಾತ್ರಿಯ ಊಟಕ್ಕೆ ಮೊದಲೇ ಜಾಗ ಕಾದಿರಿಸಬೇಕಾದ ಹೋಟೆಲುಗಳೂ ಇವೆ. ಬಂದಿಳಿದ ದಿನವೇ ವಿಚಾರಿಸದಿದ್ದರೆ ಕೊನೆಯ ದಿನದವರೆಗೂ ಸಿಗದೆ ಹೋಗಬಹುದು. ಆದರೆ ಬೆಳಗಿನ ಬಫೆಯನ್ನು ಕಡೆಗಣಿಸಬೇಡಿ. ಚಿಲಕೀಲೆಸ್, ಅಂದರೆ ಟೋರ್ಟಿಯಾ ತುಂಡುಗಳನ್ನು ಹಸಿರು ಅಥವಾ ಕೆಂಪು ಸಾಲ್ಸಾದಲ್ಲಿ ನೆನೆಸಿ ಕೆನೆ, ಚೀಸು ಹಾಕಿ ಕೊಡುವ ತಿಂಡಿ, ಇಂತಹ ಹೋಟೆಲುಗಳಲ್ಲಿ ಬಹುಮಟ್ಟಿಗೆ ಚೆನ್ನಾಗಿಯೇ ಇರುತ್ತದೆ.

ಹೋಟೆಲ್ ವಲಯದ ಹೊರಗಿನ ರೆಸ್ಟೊರೆಂಟುಗಳು

ಕುಕುಲ್ಕಾನ್ ರಸ್ತೆಯ ಹಿನ್ನೀರಿನ ಬದಿಯಲ್ಲಿ ಸಾಲಾಗಿ ಇರುವ ದೊಡ್ಡ ರೆಸ್ಟೊರೆಂಟುಗಳದ್ದು ಬೇರೆಯದೇ ಲೆಕ್ಕ. ಪೋರ್ಫಿರಿಯೋಸ್ ಅಂಥವುಗಳಲ್ಲಿ ಹೆಸರಾದದ್ದು: ಹೊಸ ಬಗೆಯಲ್ಲಿ ಅಣಿಗೊಳಿಸಿದ ಮೆಕ್ಸಿಕನ್ ಅಡುಗೆ, ಸಂಗೀತ, ಅಚ್ಚುಕಟ್ಟಾದ ಬಡಿಸುವಿಕೆ. ದರ ಅಮೆರಿಕದ ದೊಡ್ಡ ನಗರಗಳ ಮಟ್ಟದ್ದು. ವಿವಾಹ ವಾರ್ಷಿಕೋತ್ಸವಕ್ಕೋ, ಹತ್ತು ಜನ ಗೆಳೆಯರು ಸೇರಿ ಒಂದು ಸಂಜೆ ಕಳೆಯುವುದಕ್ಕೋ ಇದು ಸರಿಯಾದ ಆಯ್ಕೆ. ಊಟವೊಂದನ್ನೇ ಗುರಿಯಾಗಿಟ್ಟುಕೊಂಡವರಿಗೆ, ಅದೇ ಹಣದಲ್ಲಿ ಊರೊಳಗೆ ಮೂರು ಹೊತ್ತು ತಿನ್ನಬಹುದಿತ್ತಲ್ಲ ಎನಿಸುವ ಸಾಧ್ಯತೆಯಿದೆ.

ಇದೇ ವಲಯದಲ್ಲಿ ಕಡಿಮೆ ದರದ ಅಪವಾದವೂ ಒಂದಿದೆ. ಎಲ್ ಫಿಶ್ ಫ್ರಿತಾಂಗಾ ಎಂಬ ಮೀನೂಟದ ಜಾಗ ರಸ್ತೆಯ ಮಟ್ಟಕ್ಕಿಂತ ಕೆಳಗೆ, ಹಿನ್ನೀರಿನ ಅಂಚಿನಲ್ಲಿದೆ. ಆಡಂಬರವಿಲ್ಲ, ಮೀನು, ಸಿಗಡಿ ಟಾಕೊಗಳು, ಹಸಿ ಮೀನನ್ನು ಲಿಂಬೆರಸದಲ್ಲಿ ನೆನೆಸಿ ಮಾಡುವ ಸೆವೀಚೆ ಸಿಗುತ್ತವೆ. ಊರೊಳಗೆ ಹೋಗಲು ಸಮಯವಿಲ್ಲ, ಆದರೆ ಹೋಟೆಲಿನ ಊಟ ಸಾಕಾಗಿದೆ ಎನ್ನುವವರಿಗೆ ಇಂತಹ ಜಾಗಗಳು ಉಪಯುಕ್ತ.

ಊರೊಳಗಿನ, ಕೂತು ಉಣ್ಣುವ ಹಳೆಯ ಮನೆಗಳು

ಸೆಂತ್ರೊ ಎಂದು ಕರೆಯುವ ಊರಿನ ನಡುಭಾಗದಲ್ಲಿ, ಪಾರ್ಕೆ ದೆ ಲಾಸ್ ಪಲಾಪಾಸ್ ಉದ್ಯಾನದ ಸುತ್ತಮುತ್ತ, ನಗರದಷ್ಟೇ ವಯಸ್ಸಾದ ಕೆಲವು ರೆಸ್ಟೊರೆಂಟುಗಳಿವೆ. ಮೊದಲ ಸಲ ಹೋಗುವ ಕುಟುಂಬಗಳಿಗೆ ನಾನು ಮೊದಲು ಹೇಳುವುದು ಇವುಗಳನ್ನೇ. ಲಾ ಆಬಿಚುಎಲಾ 1977ರಿಂದ ನಡೆಯುತ್ತಿದೆ. ಗಿಡಮರಗಳ ನಡುವೆ ಮಾಯಾ ಶಿಲ್ಪಗಳ ಮಾದರಿಗಳಿರುವ ಅಂಗಳದಲ್ಲಿ ಮೇಜು ಹಾಕಿ ಬಡಿಸುತ್ತಾರೆ. ಅಲ್ಲಿನ ಪ್ರಸಿದ್ಧ ಪದಾರ್ಥ ಕೊಕೊಬಿಚುಎಲಾ, ಅಂದರೆ ನಳ್ಳಿಜಾತಿಯ ಲಾಬ್‌ಸ್ಟರು ಮತ್ತು ಸಿಗಡಿಯನ್ನು ಕರಿ ಮಸಾಲೆಯ ಗಸಿಯಲ್ಲಿ ಬೇಯಿಸಿ ತೆಂಗಿನ ಕರಟದಲ್ಲಿ ಕೊಡುವಂಥದ್ದು. ಕೆರಿಬಿಯನ್ ದ್ವೀಪಗಳ ಪ್ರಭಾವವನ್ನು ತೋರಿಸುವ ಈ ಅಡುಗೆ ನಮ್ಮ ಕರಾವಳಿಯವರಿಗೆ ತಟ್ಟನೆ ಹಿಡಿಸುತ್ತದೆ, ಆದರೆ ಅದನ್ನು ಮೆಕ್ಸಿಕನ್ ಅಡುಗೆಯ ಮಾದರಿಯೆಂದು ತಿಳಿಯಬೇಕಾಗಿಲ್ಲ. ಯುಕತಾನಿನ ಅಡುಗೆಯೇ ಬೇಕೆಂದರೆ ಹತ್ತಿರದಲ್ಲೇ ಇರುವ ಲಾಬ್ನಾ ಮೇಲು. ಸೋಪಾ ದೆ ಲೀಮಾ, ಕೊಚಿನೀತಾ, ಹಂದಿಮಾಂಸವನ್ನು ಹುಳಿ ಕಿತ್ತಳೆಯಲ್ಲಿ ನೆನೆಸಿ ಕೆಂಡದ ಮೇಲೆ ಸುಡುವ ಪೋಕ್ ಚುಕ್ ಇವನ್ನೆಲ್ಲ ಸ್ವಲ್ಪ ಸ್ವಲ್ಪ ತರಿಸಿಕೊಂಡು ಹಂಚಿಕೊಂಡರೆ ಒಂದೇ ಮೇಜಿನಲ್ಲಿ ಈ ಪ್ರಾಂತ್ಯದ ಪರಿಚಯವಾಗುತ್ತದೆ.

ಯಾಷ್ಚಿಲಾನ್ ರಸ್ತೆಯಲ್ಲಿರುವ ಲಾ ಪರೀಯಾ 1975ರದು. ಇದು ಗ್ರಿಲ್ ಮಾಡಿದ ಮಾಂಸದ, ಟಾಕೊಗಳ, ಮರಿಯಾಚಿ ಸಂಗೀತದ ಗದ್ದಲದ ಜಾಗ. ಪ್ರವಾಸಿಗರಿಗೆ ಚೆನ್ನಾಗಿ ಗೊತ್ತಿರುವ ಕಾರಣ ದರ ಊರೊಳಗಿನ ಉಳಿದ ಕಡೆಗಿಂತ ಹೆಚ್ಚು, ಆದರೂ ಹೋಟೆಲ್ ವಲಯಕ್ಕಿಂತ ಕಡಿಮೆ. ಮಕ್ಕಳಿಗೆ ಸಂಭ್ರಮವಾಗುತ್ತದೆ, ಹಿರಿಯರಿಗೆ ಸದ್ದು ಹೆಚ್ಚಾಗಬಹುದು.

ಈ ಮೂರರಲ್ಲೂ ಕುರ್ಚಿ, ಶೌಚಾಲಯ, ಇಂಗ್ಲಿಷ್ ಮೆನು ಎಲ್ಲವೂ ಇವೆ. ರುಚಿಯಲ್ಲಿ ಹೋಟೆಲಿಗಿಂತ ಮೇಲೆ, ಅನುಕೂಲದಲ್ಲಿ ಮಾರುಕಟ್ಟೆಗಿಂತ ಮೇಲೆ, ಖರ್ಚಿನಲ್ಲಿ ನಡುವೆ ಇರುವ ಈ ಗುಂಪು ಹೆಚ್ಚಿನವರಿಗೆ ಸಾಕು.

ಮಾರುಕಟ್ಟೆ, ಉದ್ಯಾನ, ರಾತ್ರಿಯ ಟಾಕೊ ಅಂಗಡಿ

ರುಚಿಗಾಗಿಯೇ ಬಂದಿದ್ದೇನೆ ಎನ್ನುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ಮೆರ್ಕಾದೊ 28 ಎಂಬ ಮಾರುಕಟ್ಟೆಯ ಸುತ್ತ ನೆನಪಿನ ಕಾಣಿಕೆಗಳ ಅಂಗಡಿಗಳಿದ್ದು, ನಡುವಿನ ಅಂಗಳದಲ್ಲಿ ಸಾಲು ಊಟದ ಮನೆಗಳಿವೆ. ಕೂಗಿ ಕರೆಯುವವರ ಕಾಟವಿದೆ. ಆದರೂ ಮಧ್ಯಾಹ್ನದ ಊಟಕ್ಕೆ ಇದು ನಡುದಾರಿ. ಬಸ್ ನಿಲ್ದಾಣದ ಉತ್ತರಕ್ಕಿರುವ ಮೆರ್ಕಾದೊ 23 ಚಿಕ್ಕದು, ಸ್ಥಳೀಯರು ತರಕಾರಿ, ಮಾಂಸ, ಒಣ ಮೆಣಸಿನಕಾಯಿ ಕೊಳ್ಳುವಂಥದ್ದು. ಅಲ್ಲಿ ಇಂಗ್ಲಿಷ್ ಕಡಿಮೆ, ಬೆಲೆಯೂ ಕಡಿಮೆ. ಎರಡರಲ್ಲಿ ಒಂದನ್ನು ಆರಿಸಬೇಕೆಂದರೆ, ಸ್ಪ್ಯಾನಿಷ್‌ನ ನಾಲ್ಕು ಮಾತು ಬಲ್ಲವರಿಗೆ 23, ಉಡುಗೊರೆಯ ಖರೀದಿಯನ್ನೂ ಮುಗಿಸಿಕೊಳ್ಳಬೇಕಾದವರಿಗೆ 28.

ಇಂತಹ ಸಣ್ಣ ಊಟದ ಮನೆಗಳಲ್ಲಿ ಕೇಳಬೇಕಾದದ್ದು ಕೊಮಿದಾ ಕೊರ್ರಿದಾ. ಒಂದು ಸೂಪು, ಅನ್ನ, ಒಂದು ಮುಖ್ಯ ಪದಾರ್ಥ, ಟೋರ್ಟಿಯಾ, ಜೊತೆಗೆ ಹಣ್ಣಿನದೋ ಹೂವಿನದೋ ಒಂದು ತಂಪು ಪಾನಕ ಇವೆಲ್ಲ ಸೇರಿ ಒಂದೇ ದರ. ಹೋಟೆಲ್ ವಲಯದ ಒಂದು ಕಾಕ್ಟೇಲಿಗಿಂತ ಕಡಿಮೆಗೆ ಹೊಟ್ಟೆ ತುಂಬುತ್ತದೆ. ಸೋಮವಾರ ಹೋದರೆ ಯುಕತಾನಿನ ಮನೆಮನೆಯಲ್ಲೂ ಆ ದಿನ ಮಾಡುವ, ಕಪ್ಪು ಹುರುಳಿ ಮತ್ತು ಹಂದಿಮಾಂಸದ ಫ್ರಿಹೋಲ್ ಕೊನ್ ಪುಎರ್ಕೊ ಸಿಗುವ ಸಂಭವ ಹೆಚ್ಚು. ಪಾನಕಗಳಲ್ಲಿ ಹಮಾಯ್ಕಾ ಎಂಬುದನ್ನು ತಪ್ಪದೆ ಕೇಳಿ. ಉತ್ತರ ಕರ್ನಾಟಕದ ಪುಂಡಿ ಸೊಪ್ಪಿನ ಬಳಗಕ್ಕೇ ಸೇರಿದ ಗಿಡವೊಂದರ ಕೆಂಪು ಪುಷ್ಪಪಾತ್ರೆಯನ್ನು ಕುದಿಸಿ ಸಕ್ಕರೆ ಹಾಕಿ ಮಾಡುವುದು, ಹುಳಿಸಿಹಿಯಾಗಿರುತ್ತದೆ. ಹುಣಸೆ ಪಾನಕ, ಅಕ್ಕಿಯ ಓರ್ಚಾತಾ ಕೂಡ ಸಾಮಾನ್ಯ.

ಸಂಜೆಗೆ ಪಾರ್ಕೆ ದೆ ಲಾಸ್ ಪಲಾಪಾಸ್‌ಗೆ ಹೋಗಿ. ಮಕ್ಕಳು ಆಟಿಕೆ ಕಾರು ಓಡಿಸುತ್ತಿರುತ್ತಾರೆ, ಊರಿನ ಕುಟುಂಬಗಳು ಬೆಂಚುಗಳ ಮೇಲೆ ಕೂತಿರುತ್ತವೆ, ಅಂಚಿನಲ್ಲಿ ತಳ್ಳುಗಾಡಿಗಳು ನಿಂತಿರುತ್ತವೆ. ಇಲ್ಲಿನ ಮಾರ್ಕೆಸೀತಾ ಮಾಡುವುದನ್ನು ಹತ್ತಿರ ನಿಂತು ನೋಡಬೇಕು. ಉದ್ದ ಹಿಡಿಯ ಎರಡು ದುಂಡನೆಯ ಕಬ್ಬಿಣದ ಹಲಗೆಗಳ ನಡುವೆ ತೆಳುವಾದ ಹಿಟ್ಟನ್ನು ಸುರಿದು, ಒತ್ತಿ, ತಿರುವಿ ಹಾಕುತ್ತಾರೆ. ಅಂಚು ಕೆಂಪಗಾಗುತ್ತಲೇ ತೆಗೆದು, ಕೆಂಪು ಮೇಣದ ಹೊದಿಕೆಯ ಎಡಮ್ ಚೀಸಿನ ಗುಂಡನ್ನು ಅದರ ಮೇಲೆಯೇ ತುರಿದು, ಬೇಕೆಂದವರಿಗೆ ಚಾಕೊಲೇಟನ್ನೋ ಆಡಿನ ಹಾಲಿನ ಕಹೆತಾವನ್ನೋ ಸವರಿ, ಬಿಸಿ ಇರುವಾಗಲೇ ಕೊಳವೆಯಂತೆ ಸುತ್ತಿಬಿಡುತ್ತಾರೆ. ಒಂದೆರಡು ನಿಮಿಷದಲ್ಲಿ ಅದು ಗಟ್ಟಿಯಾಗಿ ಗರಿಗರಿಯಾಗುತ್ತದೆ. ಉಪ್ಪು ಚೀಸು ಮತ್ತು ಸಿಹಿ ಒಟ್ಟಿಗೆ ಬರುವುದು ಮೊದಲ ಕಡಿತಕ್ಕೆ ವಿಚಿತ್ರವೆನಿಸಿದರೂ ಎರಡನೆಯದಕ್ಕೆ ಒಗ್ಗುತ್ತದೆ. ಬೇಯಿಸಿದ ಜೋಳದ ಕಾಳಿಗೆ ಲಿಂಬೆ, ಖಾರ, ಕೆನೆ ಹಾಕಿದ ಎಸ್ಕೀತೆಸ್ ಕೂಡ ಇಲ್ಲೇ ಸಿಗುತ್ತದೆ. ಸಸ್ಯಾಹಾರಿಗಳು ಮಾಂಸಾಹಾರಿಗಳು ಒಟ್ಟಿಗಿರುವ ಗುಂಪಿಗೆ, ಚಿಕ್ಕ ಮಕ್ಕಳಿರುವವರಿಗೆ, ಕೈಯಲ್ಲಿ ಹಣ ಕಡಿಮೆ ಇರುವವರಿಗೆ ಇಷ್ಟು ಹಿತವಾದ ಸಂಜೆ ಈ ಊರಿನಲ್ಲಿ ಬೇರೆ ಸಿಗುವುದು ಕಷ್ಟ.

ರಾತ್ರಿಯ ಟಾಕೊ ಅಂಗಡಿಗಳು ಮಾಂಸಾಹಾರಿಗಳಿಗೇ ಮೀಸಲು. ಅಲ್ ಪಾಸ್ತೋರ್ ಹುಟ್ಟಿದ್ದು ಮಧ್ಯ ಮೆಕ್ಸಿಕೊದಲ್ಲಿ, ಲೆಬನಾನಿನಿಂದ ವಲಸೆ ಬಂದವರ ಶವರ್ಮಾದಿಂದ. ಕುರಿಯ ಬದಲು ಮೆಣಸಿನಕಾಯಿ ಅಚಿಯೋಟೆ ಹಚ್ಚಿದ ಹಂದಿಮಾಂಸ, ಪಿಟಾ ರೊಟ್ಟಿಯ ಬದಲು ಜೋಳದ ಟೋರ್ಟಿಯಾ. ಅಂಗಡಿಯನ್ನು ಆರಿಸುವಾಗ ಮಾಂಸದ ಗೋಪುರವನ್ನು ನೋಡಿ: ಜನರಿರುವ ಅಂಗಡಿಯಲ್ಲಿ ಅದು ಬೇಗ ಬೇಗ ಸವೆಯುತ್ತಿರುತ್ತದೆ, ಹೊರಪದರ ಉರಿಯ ಎದುರಿಗೆ ಗರಿಯಾಗುತ್ತಿರುತ್ತದೆ, ಜನರಿಲ್ಲದ ಕಡೆ ತಣ್ಣಗೆ ನಿಂತಿರುತ್ತದೆ. ತಟ್ಟೆಗೆ ಪ್ಲಾಸ್ಟಿಕ್ ಚೀಲ ತೊಡಿಸಿ ಅದರಲ್ಲಿ ಬಡಿಸಿ, ತಿಂದ ಮೇಲೆ ಚೀಲವನ್ನಷ್ಟೇ ಎಸೆಯುವ ಪದ್ಧತಿ ಬೀದಿಯಲ್ಲಿ ಸಾಮಾನ್ಯ. ತಟ್ಟೆ ತೊಳೆಯುವ ನೀರಿನ ಚಿಂತೆ ಇದರಿಂದ ಕಡಿಮೆಯಾಗುತ್ತದೆ. ತೆರೆದಿಟ್ಟ ಸಾಲ್ಸಾ, ಹೆಚ್ಚಿಟ್ಟ ಹಸಿ ಈರುಳ್ಳಿ ಕೊತ್ತಂಬರಿ ಬಗ್ಗೆ ಅನುಮಾನವಿದ್ದರೆ ಬಿಟ್ಟು ತಿನ್ನಿ. ಕುಡಿಯುವ ನೀರು ಮುಚ್ಚಿದ ಬಾಟಲಿಯದೇ ಇರಲಿ. ಇನ್ನು ಹಬನೆರೊ: ಯುಕತಾನ್ ಪರ್ಯಾಯ ದ್ವೀಪದ ಹಬನೆರೊಗೆ ಮೆಕ್ಸಿಕೊ 2010ರಲ್ಲಿ ಪ್ರಾದೇಶಿಕ ಮೂಲದ ಮಾನ್ಯತೆ ನೀಡಿದೆ, ಅದರ ಖಾರವೂ ಆ ಗೌರವಕ್ಕೆ ತಕ್ಕದ್ದೇ. ಬ್ಯಾಡಗಿಯ ಮೃದು ಖಾರಕ್ಕೆ ಒಗ್ಗಿದ ನಾಲಿಗೆಯವರು ಚಮಚದ ತುದಿಯಷ್ಟರಿಂದ ಆರಂಭಿಸುವುದು ಒಳ್ಳೆಯದು.

ಪುಎರ್ತೊ ಹುಆರೆಸ್ ಮತ್ತು ಎದುರಿನ ದ್ವೀಪ

ಊರಿನ ಉತ್ತರದಲ್ಲಿ, ಇಸ್ಲಾ ಮುಹೇರೆಸ್ ದ್ವೀಪಕ್ಕೆ ದೋಣಿಗಳು ಹೊರಡುವ ಕಟ್ಟೆಯ ಸುತ್ತ, ಮೀನಿನ ಊಟದ ಮನೆಗಳಿವೆ. ಹೋಟೆಲ್ ವಲಯದ ಬಿಳಿ ಮರಳಿನ ವೈಭವ ಇಲ್ಲಿಲ್ಲ. ಕಡಲ ಪಕ್ಕದಲ್ಲೇ ಮೇಜು, ಹುರಿದ ಇಡೀ ಮೀನು, ಸೆವೀಚೆ, ಊರಿನವರ ಭಾನುವಾರದ ಊಟ. ಮಂಗಳೂರು, ಕಾರವಾರ ಕಡೆಯವರಿಗೆ ಎಲ್ಲಕ್ಕಿಂತ ಮೊದಲು ಇದನ್ನು ಹೇಳುತ್ತೇನೆ. ಇಲ್ಲಿ ತಿನ್ನಲೇಬೇಕಾದದ್ದು ತಿಕಿನ್ ಶಿಕ್: ಇಡೀ ಮೀನನ್ನು ಬೆನ್ನಿನಿಂದ ಸೀಳಿ ಬಿಡಿಸಿ, ಅಚಿಯೋಟೆ ಮತ್ತು ಹುಳಿ ಕಿತ್ತಳೆಯ ಮಸಾಲೆ ಹಚ್ಚಿ, ಬಾಳೆಲೆಯ ಮೇಲಿಟ್ಟು ಕೆಂಡದ ಮೇಲೆ ಬೇಯಿಸುತ್ತಾರೆ. ಅರ್ಧ ದಿನ ಬಿಡುವಿದ್ದರೆ ದೋಣಿ ಹತ್ತಿ ದ್ವೀಪಕ್ಕೇ ಹೋಗಿ, ಅಲ್ಲಿನ ಪ್ಲಾಯಾ ಲಾಂಚೇರೊಸ್ ಕಡೆ ತಿಂದರೆ ಇನ್ನೂ ಒಳ್ಳೆಯದು. ಆ ತೀರ ಇದಕ್ಕೇ ಹೆಸರಾಗಿದೆ.

ಇಡೀ ಮೀನಿನ ದರ ಸಾಮಾನ್ಯವಾಗಿ ತೂಕದ ಮೇಲೆ. ಮೀನನ್ನು ತೋರಿಸಿ, ತೂಗಿಸಿ, ಬೆಲೆ ಕೇಳಿಕೊಂಡ ಮೇಲೆಯೇ ಹೂಂ ಎನ್ನಬೇಕು. ಲಾಬ್‌ಸ್ಟರು ಬೇಕೆನ್ನುವವರು ತಿಂಗಳನ್ನೂ ನೋಡಬೇಕು: ಈ ಕಡಲಿನಲ್ಲಿ ಮಾರ್ಚ್ 1ರಿಂದ ಜೂನ್ 30ರವರೆಗೆ ಅದನ್ನು ಹಿಡಿಯುವುದಕ್ಕೆ ನಿಷೇಧವಿದೆ, ಆ ಅವಧಿಯಲ್ಲಿ ತಟ್ಟೆಗೆ ಬರುವುದು ಶೈತ್ಯಾಗಾರದ್ದು. ದೋಣಿಕಟ್ಟೆಯವರೆಗೆ ಹೋಗಲಾಗದವರಿಗೆ ಊರೊಳಗಿನ ತುಲುಮ್ ರಸ್ತೆಯ ಲೋಸ್ ದೆ ಪೆಸ್ಕಾದೊ ಇದೆ. ಮೀನು, ಸಿಗಡಿ ಟಾಕೊಗಳನ್ನು ಕೊಡುತ್ತಾರೆ, ಸಾಲ್ಸಾ, ಕೋಸು, ಉಪ್ಪಿನಕಾಯಿ ಈರುಳ್ಳಿಯನ್ನು ನಾವೇ ಹಾಕಿಕೊಳ್ಳಬೇಕು. ಅದೂ ಹಗಲಿನ ಅಂಗಡಿಯೇ.

ಸಸ್ಯಾಹಾರಿಗಳಿಗೆ

ಮೆಕ್ಸಿಕನ್ ಅಡುಗೆಯಲ್ಲಿ ಹುರುಳಿ, ಅನ್ನ, ಜೋಳ ಇವೆಯಲ್ಲ, ಸಸ್ಯಾಹಾರಿಗಳಿಗೆ ತೊಂದರೆಯೇನು ಎಂದು ಕೇಳುವವರಿದ್ದಾರೆ. ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಅರೆದ ಹುರುಳಿಯನ್ನು ಹಂದಿಕೊಬ್ಬಿನಲ್ಲಿ ಹುರಿಯುವುದು ವಾಡಿಕೆ, ಕೆಂಪು ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸುವುದು ವಾಡಿಕೆ, ಗೋಧಿ ಟೋರ್ಟಿಯಾದ ಹಿಟ್ಟಿನಲ್ಲೂ ಕೊಬ್ಬು ಇರಬಹುದು. ಜೋಳದ ಟೋರ್ಟಿಯಾದಲ್ಲಿ ಜೋಳ, ಸುಣ್ಣ, ನೀರು ಬಿಟ್ಟರೆ ಬೇರೇನೂ ಇರುವುದಿಲ್ಲ, ಅದನ್ನು ನಂಬಬಹುದು. ‘ಸಿನ್ ಕಾರ್ನೆ’ ಎಂದಷ್ಟೇ ಹೇಳಿದರೆ ಕೋಳಿ ಬಂದೀತು. ‘ಸಿನ್ ಕಾರ್ನೆ, ಸಿನ್ ಪೋಯೊ, ಸಿನ್ ಪೆಸ್ಕಾದೊ, ಸಿನ್ ಮಾಂತೇಕಾ’ ಎಂದು ಮಾಂಸ, ಕೋಳಿ, ಮೀನು, ಹಂದಿಕೊಬ್ಬು ನಾಲ್ಕನ್ನೂ ಹೆಸರಿಸಿ ಬೇಡವೆನ್ನಬೇಕು. ಅನ್ನ ಸಾರುಗಳ ವಿಚಾರದಲ್ಲಿ ‘ಕಾಲ್ದೊ ದೆ ಪೋಯೊ’, ಅಂದರೆ ಕೋಳಿ ಸಾರು, ಹಾಕಿದ್ದಾರೆಯೇ ಎಂದು ಬೇರೆಯಾಗಿ ಕೇಳಬೇಕು.

ಹೀಗೆ ಕೇಳಿಕೊಂಡ ಮೇಲೆ ಸಿಗುವುದು ಕಡಿಮೆಯೇನಲ್ಲ. ಕುಂಬಳದ ಹೂವು, ಅಣಬೆ, ಅಥವಾ ಜೋಳದ ತೆನೆಯ ಮೇಲೆ ಬೆಳೆಯುವ ಕಪ್ಪು ಶಿಲೀಂಧ್ರವಾದ ಉಯಿತ್ಲಕೋಚೆ ತುಂಬಿದ ಕೆಸದೀಯಾ, ಅಂದರೆ ಮಡಚಿ ಕಾಯಿಸಿದ ಟೋರ್ಟಿಯಾ. ಕಳ್ಳಿಗಿಡದ ಎಳೆಯ, ಚಪ್ಪಟೆ ಕಾಂಡವಾದ ನೊಪಾಲ್. ಹುರಿದ ಕುಂಬಳಬೀಜ, ಸುಟ್ಟ ಟೊಮೇಟೊ ಸೇರಿಸಿ ಅರೆದ ಸಿಕಿಲ್ ಪಾಕ್, ಇದು ನಮ್ಮ ಒರಳಿನ ಚಟ್ನಿಯ ಒಡಹುಟ್ಟಿದಂತಿರುತ್ತದೆ. ಚಾಯಾ ಎಂಬ ಸೊಪ್ಪಿನ ಪಲ್ಯ ಮತ್ತು ಪಾನಕ. ಮೊಟ್ಟೆ ತಿನ್ನುವವರಿಗೆ ಪಪದ್ಸೂಲೆಸ್ ಇದೆ: ಬೇಯಿಸಿದ ಮೊಟ್ಟೆಯನ್ನು ಟೋರ್ಟಿಯಾದಲ್ಲಿ ಸುತ್ತಿ, ಕುಂಬಳಬೀಜದ ಹಸಿರು ಗಸಿ ಮತ್ತು ಟೊಮೇಟೊ ಸಾಲ್ಸಾ ಸುರಿದು ಕೊಡುತ್ತಾರೆ, ಯುಕತಾನಿನ ಅಡುಗೆಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು. ಇವುಗಳಲ್ಲಿ ಹೆಚ್ಚಿನವು ಊರೊಳಗಿನ, ಕೂತು ಉಣ್ಣುವ ರೆಸ್ಟೊರೆಂಟುಗಳಲ್ಲಿ ಸಿಗುತ್ತವೆ. ಮಾಂಸ ಬೇಯಿಸಿದ ಕಾವಲಿಯನ್ನೇ ಬಳಸಬಾರದು ಎನ್ನುವಷ್ಟು ಕಟ್ಟುನಿಟ್ಟಿನವರು ಬೀದಿಬದಿಯನ್ನು, ಮಾರುಕಟ್ಟೆಯನ್ನು ಬಿಡುವುದೇ ಒಳ್ಳೆಯದು. ಅಲ್ಲಿ ಒಂದೇ ಕಾವಲಿ ಎಲ್ಲದಕ್ಕೂ ಸಲ್ಲುತ್ತದೆ. ಅಂಥವರಿಗೆ ಹೋಟೆಲಿನ ಅಡುಗೆಯವರೊಂದಿಗೆ ಮುಂಚೆಯೇ ಮಾತಾಡಿಕೊಳ್ಳುವುದು ಸರಿಯಾದ ದಾರಿ, ಉದ್ಯಾನದಲ್ಲಿ ಎಸ್ಕೀತೆಸ್ ಅಡ್ಡಿಯಿಲ್ಲ.

ಯಾರಿಗೆ ಯಾವುದು

ಹಿರಿಯರು, ಮಕ್ಕಳು, ಸಸ್ಯಾಹಾರಿಗಳು ಎಲ್ಲರೂ ಕೂಡಿದ ಕುಟುಂಬವಾದರೆ, ಹೋಟೆಲಿನ ಊಟವನ್ನು ಹಾಗೆಯೇ ಇಟ್ಟುಕೊಂಡು, ಒಂದು ದಿನ ಸಂಜೆ ಬೇಗ ಹೊರಟು ಲಾಬ್ನಾ ಅಥವಾ ಲಾ ಆಬಿಚುಎಲಾದಲ್ಲಿ ಉಂಡು, ಪಕ್ಕದ ಉದ್ಯಾನದಲ್ಲಿ ಮಾರ್ಕೆಸೀತಾ ತಿಂದು ಬನ್ನಿ. ನಡೆಯುವ ದೂರ ಕಡಿಮೆ, ಎರಡು ಬಗೆಯ ಅನುಭವವೂ ಒಂದೇ ಟ್ಯಾಕ್ಸಿ ಖರ್ಚಿನಲ್ಲಿ ಆಗುತ್ತದೆ. ಊಟ ಸೇರಿದ ಪ್ಯಾಕೇಜು ಬೇಕೇ ಎಂದು ಇನ್ನೂ ಯೋಚಿಸುತ್ತಿರುವವರು, ಹೊರಗೆ ತಿನ್ನುವುದು ಒಂದೆರಡು ಹೊತ್ತಷ್ಟೇ ಎಂದಾದರೆ ಪ್ಯಾಕೇಜನ್ನೇ ತೆಗೆದುಕೊಳ್ಳಬಹುದು; ದಿನಕ್ಕೊಂದು ಹೊತ್ತಾದರೂ ಹೊರಗೆ ತಿನ್ನುವ ಆಸೆಯಿದ್ದರೆ ಬೆಳಗಿನ ತಿಂಡಿ ಮಾತ್ರ ಸೇರಿದ ಕೋಣೆ, ಅದರಲ್ಲೂ ಊರೊಳಗಿನ ಹೋಟೆಲು, ಲಾಭದಾಯಕ.

ವಿದ್ಯಾರ್ಥಿಗಳು, ಒಬ್ಬರೇ ತಿರುಗುವವರು ಮಧ್ಯಾಹ್ನ ಮೆರ್ಕಾದೊ 23ರಲ್ಲಿ ಕೊಮಿದಾ ಕೊರ್ರಿದಾ, ರಾತ್ರಿ ಟಾಕೊ ಅಂಗಡಿ ಎಂದು ಇಟ್ಟುಕೊಂಡರೆ ಬಸ್ಸಿನ ಹಣ ಸೇರಿಯೂ ಖರ್ಚು ಹಗುರ. ಮದುವೆಗೆಂದು ಬಂದು ಹೋಟೆಲಿನ ಕಾರ್ಯಕ್ರಮಗಳ ನಡುವೆ ಒಂದೇ ಬೆಳಗು ಬಿಡುವಿರುವವರು, ಹಂದಿಮಾಂಸ ತಿನ್ನುವವರಾದರೆ, ಒಂಬತ್ತರೊಳಗೆ ಊರಿಗೆ ಹೋಗಿ ಕೊಚಿನೀತಾ ಟಾಕೊ ತಿಂದು ಹತ್ತೂವರೆಗೆ ಹಿಂದಿರುಗಬಹುದು. ಅದು ಭಾನುವಾರವಾಗಿದ್ದರೆ ಇನ್ನೂ ಒಳ್ಳೆಯದು. ಮೀನು ಪ್ರಿಯರು ಯೋಚಿಸುವುದೇ ಬೇಡ, ಮಧ್ಯಾಹ್ನಕ್ಕೆ ಪುಎರ್ತೊ ಹುಆರೆಸ್.

ಎಲ್ಲಿ ತಿಂದರೂ ಪೆಸೊದಲ್ಲೇ ಹಣ ಕೊಡಿ. ಡಾಲರಿನಲ್ಲಿ ಕೊಟ್ಟರೆ ಅಂಗಡಿಯವರ ವಿನಿಮಯ ದರ ನಮಗೆ ನಷ್ಟದ್ದು; ಕಾರ್ಡಿನ ಯಂತ್ರ ಡಾಲರೋ ಪೆಸೊವೋ ಎಂದು ಕೇಳಿದರೂ ಪೆಸೊ ಎಂದೇ ಒತ್ತಿ. ಮೆನುವಿನ ದರದಲ್ಲಿ ತೆರಿಗೆ ಸೇರಿರುತ್ತದೆ. ಬಡಿಸಿದವರಿಗೆ ಶೇಕಡ 10ರಿಂದ 15ರಷ್ಟು ಕೊಡುವುದು ರೂಢಿ, ಆದರೆ ಅದನ್ನು ಬಿಲ್ಲಿನಲ್ಲಿ ಮೊದಲೇ ಸೇರಿಸಿದ್ದಾರೆಯೇ ಎಂದು ನೋಡಿಕೊಳ್ಳಿ. ತಳ್ಳುಗಾಡಿ, ಮಾರುಕಟ್ಟೆಗಳಲ್ಲಿ ಕಾರ್ಡು ನಡೆಯದಿರಬಹುದು, 500 ಪೆಸೊದ ನೋಟಿಗೆ ಚಿಲ್ಲರೆ ಸಿಗದಿರಬಹುದು. ಹೊರಡುವ ಮುನ್ನ 20, 50, 100ರ ನೋಟುಗಳನ್ನು ಜೇಬಿನಲ್ಲಿಟ್ಟುಕೊಳ್ಳಿ.